ಮೂರನೆಯ ಸೀಟಿ

ಮಂಗಳವಾರ ಅಂಗಡಿಗೆ ರಜ.
ಹೊಲಿಗೆ ಮಿಷನ್ನಿಗೆ ಹಳೇ ಲುಂಗಿ ಹೊದಿಸಿ
ದುರ್ಗಿಗುಡಿಯ ಮಹಡಿಮನೆಯಲ್ಲಿ
ಹುರುಳಿ ಬೇಯಲಿಟ್ಟೆ.
ಎರಡು ಸೀಟಿ ಕೂಗಿ
ಕುಕ್ಕರು ಸುಮ್ಮನಾಯಿತು.
ಸಿಲಿಂಡರು ಖಾಲಿ.

ಅನ್ನ ಮೊದಲೇ ಆಗಿತ್ತು, ಪುಣ್ಯ.

ಮಸಿಬಟ್ಟೆ ಹಿಡಿದು ಮೆಟ್ಟಿಲಿಳಿದೆ.
ಕೆಳಮನೆಯ ಜುಲೇಖಾ ತನ್ನ ಚಹಾ ಇಳಿಸಿ
ಒಲೆ ಬಿಟ್ಟುಕೊಟ್ಟಳು:
‘ಇನ್ನೂ ನಾಲ್ಕು ಕೂಗಬೇಕು, ಟೈಲರಣ್ಣ,
ಅಂಗಿಗೆ ಅಳತೆ ಹಿಡಿದಂಗಲ್ಲ ಇದು.’

ಮೇಲೆ ಬಂದು ಬೆಂಕಿ ಬೇಡದ್ದನ್ನು ಮಾಡಿದೆ:
ಒಂದೆಲಗ, ಕಾಯಿತುರಿ, ಚೂರು ಜೀರಿಗೆ,
ನಿನ್ನೆಯ ಮಜ್ಜಿಗೆ.

ಒಂಬತ್ತಕ್ಕೆ ವನಜಾಕ್ಷಿ ಬಂದಳು
ಸಾಗರದ ಕೊನೇ ಟ್ರಿಪ್ಪು ಮುಗಿಸಿ,
ಬೆರಳ ತುಂಬ ಚಿಲ್ಲರೆಯ ವಾಸನೆ.
ಎಷ್ಟು ತೊಳೆದರೂ ಹೋಗದು ಅದು,
ತುತ್ತಿನ ಜೊತೆಗೇ ಒಳಗಿಳಿಯುತ್ತದೆ.

ಕುಕ್ಕರು ಹೊತ್ತ ಜುಲೇಖಾ,
ಹಿಂದೆ ತಟ್ಟೆ ಹಿಡಿದ ಮಗ,
ಇಬ್ಬರೂ ಹೊಸ್ತಿಲಲ್ಲೇ ನಿಂತರು.
ಇವಳು ಖಾಕಿಯಲ್ಲೇ ಗೋಡೆಗೆ ಒತ್ತಿ ನಿಂತು
‘ಒಳಗೆ ಬನ್ನಿ, ಒಳಗೆ ಬನ್ನಿ,
ಮುಂದೆ ಜಾಗ ಇದೆ’ ಎಂದಳು.

ಹುಡುಗ ಬಾಯಲ್ಲೇ ಸೀಟಿ ಊದಿದ.

ಸಾರಿಗೆ ಉಪ್ಪು ಹಾಕಿರಲಿಲ್ಲ ನಾನು.
ಎರಡನೇ ಸಲ ಬಡಿಸಿಕೊಳ್ಳುವ ತನಕ
ಯಾರೂ ಹೇಳಲಿಲ್ಲ.