ನಲವತ್ತೇಳನೇ ಪುಟ

ಮಿಯೆರೆಸ್ ಊರಿನ ಸೇತುವೆ ಬುಡದಲ್ಲಿ ನನ್ನತ್ತೆ ಒಬ್ದೂಲಿಯಾಳ ಗೂಡಂಗಡಿ.
ಸೂರ್ಯಕಾಂತಿ ಬೀಜ, ಬಿಡಿ ಸಿಗರೇಟು, ಬೆಂಕಿಪೊಟ್ಟಣ,
ಮೇಲೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಕೌಬಾಯ್ ಕಾದಂಬರಿಗಳು:
ಅಂಗೈಯಷ್ಟೇ ಅಗಲ, ಕೋಟಿನ ಜೇಬಿಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗೆ.
ಓದಿದ್ದನ್ನು ಕೊಟ್ಟು ಜೊತೆಗೊಂದು ಚಿಲ್ಲರೆ ಕಾಸಿಟ್ಟರೆ
ಓದದ್ದೊಂದು ಸಿಗುತ್ತದೆ.

ಓದದ್ದು ಅಂತ ಗೊತ್ತಾಗುವುದು ಹೇಗೆ?
ಎಲ್ಲದರಲ್ಲೂ ಅದೇ ಧೂಳು, ಅದೇ ಸಾರಾಯಿ ಅಂಗಡಿ,
ಬಾಗಿಲು ಎರಡು ಸಲ ತೊನೆದು ನಿಲ್ಲುವಷ್ಟರಲ್ಲಿ
ಪಿಯಾನೊ ಬಾರಿಸುವವನ ಬೆರಳು ಗಾಳಿಯಲ್ಲೇ ಹೆಪ್ಪುಗಟ್ಟಿರುತ್ತದೆ.
ಷೆರೀಫ್ ಲಂಚಕೋರ, ಸಾಹುಕಾರನಿಗೆ ಪಕ್ಕದವರ ನೀರಿನ ಮೇಲೆ ಕಣ್ಣು,
ಹುಡುಗಿಯ ಅಪ್ಪ ಇಪ್ಪತ್ತನೇ ಪುಟದೊಳಗೆ
ಸತ್ತೇ ಸಾಯಬೇಕು.

ಅದಕ್ಕೇ ಅವರೆಲ್ಲ ನಲವತ್ತೇಳನೇ ಪುಟಕ್ಕೆ ಗುರುತು ಹಾಕುತ್ತಿದ್ದರು.
ಸೆನೆನ್‌ದು ಮೀನು.
ಗಡಿಯಾರ ರಿಪೇರಿಯವನದು ಒಂದು ಮುಳ್ಳು, ಮೂರಕ್ಕೆ ನಿಂತದ್ದು.
ಪಾದ್ರಿಯದು ಪೆನ್ಸಿಲ್ ಚುಕ್ಕಿ, ಯಾರಿಗೂ ಕಾಣದಂತೆ; ಎಲ್ಲರಿಗೂ ಗೊತ್ತಿತ್ತು.
ಬೆಲಾರ್ಮಿನೊನದು ಗುದ್ದಲಿ.
ಅವರಿಗೆ ಬೇಕಿದ್ದದ್ದು ಅದೇ ಕತೆ,
ತಮ್ಮ ಗುರುತು ಇನ್ನೂ ಬೀಳದ ಪುಸ್ತಕದಲ್ಲಿ.

ನನಗೆ ಹದಿನಾರು, ಶಾಲೆಯಲ್ಲಿ ಬಹುಮಾನ, ಮೂಗು ಮುಗಿಲಲ್ಲಿ.
‘ಹಾಡಿದ್ದೇ ಹಾಡೋ ಕಿಸಬಾಯಿದಾಸ,’ ಅಂದೆ ಬೆಲಾರ್ಮಿನೊನ ಮುಖಕ್ಕೇ,
‘ಅವನೇ ಗೆಲ್ತಾನೆ ಅಂತ ಗೊತ್ತಿದ್ದೂ ಯಾಕೆ ಓದ್ತೀಯ?’
ಅವನು ಉಗುರಿನ ಸಂದಿಯ ಕಪ್ಪನ್ನು ನೋಡಿಕೊಂಡ,
ಭಾನುವಾರದ ಸೋಪಿಗೂ ಬಗ್ಗದ ಕಪ್ಪು.
‘ಕೆಳಗೆ ಮರದ ಕಂಬ ಒಮ್ಮೊಮ್ಮೆ ಲಟಕ್ ಅನ್ನುತ್ತೆ.
ಎಂಟು ಜನ ತಲೆಯೆತ್ತಿ ಉಸಿರು ಹಿಡೀತೀವಿ.
ಮುಂದಿನ ಪುಟ ಏನಂತ ಒಬ್ಬನಿಗೂ ಗೊತ್ತಿಲ್ಲ.
ಸಸ್ಪೆನ್ಸನ್ನ ಕಂಪನಿಯೇ ಕೊಡುತ್ತೆ, ಮಗಳೇ, ಪುಕ್ಕಟೆ.
ಅದಕ್ಕೂ ನಾನು ಕಾಸು ಕೊಡಲಾ?’

ಮುಖಪುಟದಲ್ಲಿ ಅಮೆರಿಕದ ಹೆಸರು.
ಬರೆಯುತ್ತಿದ್ದವನು ಯುದ್ಧದ ನಂತರ ಕೆಲಸ ಕಳಕೊಂಡ ಲ್ಯಾಟಿನ್ ಮೇಷ್ಟ್ರಂತೆ,
ವಾರಕ್ಕೊಂದು ಪುಸ್ತಕ, ಹಾಲಿನ ಗಾಡಿಯದು ಬಿಟ್ಟರೆ
ಬೇರೆ ಕುದುರೆಯ ಹತ್ತಿರ ಹೋದವನಲ್ಲ.
ಒಂದು ವಾರ ಅವನಿಗೇನು ಬೇಸರವೋ, ನಾಯಕನನ್ನು ಕೊಂದುಬಿಟ್ಟ.
ಪುಸ್ತಕ ಎರಡೇ ದಿನದಲ್ಲಿ ಹಗ್ಗಕ್ಕೆ ವಾಪಸ್ಸು.
ಕೈಯಿಂದ ಕೈಗೆ ಹೋಯಿತು, ಹನ್ನೊಂದು ಜನ ಕಾಸು ತಿರುಗಿ ಕೇಳಿದರು,
ನಲವತ್ತೇಳನೇ ಪುಟ ಮಾತ್ರ ಅಚ್ಚಿನಮನೆಯಿಂದ ಬಂದಷ್ಟೇ ಬಿಳಿ.
‘ನಾನದನ್ನ ಓದೇ ಇಲ್ಲ,’ ಅಂದ ಸೆನೆನ್, ಕಣ್ಣು ಕೆಂಪಗೆ ಮಾಡಿಕೊಂಡು.
ಮುಂದಿನ ಕಂತಿನಲ್ಲಿ ಗುಂಡು ಜೇಬಿನ ಗಡಿಯಾರಕ್ಕೆ ತಗುಲಿತ್ತು.
ಅತ್ತೆ ನೂರು ಪ್ರತಿ ತರಿಸಿದಳು.

ನವೆಂಬರಿನಲ್ಲಿ ಮೂರನೇ ಸುರಂಗ ಕುಸಿಯಿತು.

ಎಷ್ಟೋ ದಿನದ ಮೇಲೆ ಎತೆಲ್ವೀನಾ ಬಂದಳು,
ಕೋಟಿನ ಜೇಬಿನಲ್ಲಿ ಸಿಕ್ಕಿದ ಪುಸ್ತಕ ಕೌಂಟರಿನ ಮೇಲಿಟ್ಟಳು.
ನಲವತ್ತೇಳರಲ್ಲಿ ಗುದ್ದಲಿ ಇತ್ತು.
ಅರವತ್ತೊಂದರಲ್ಲಿ ಮೂಲೆ ಮಡಿಸಿತ್ತು.
‘ಕೊನೆಗೆ ಏನಾಗುತ್ತೆ, ಸ್ವಲ್ಪ ನೋಡು. ಕನ್ನಡಕ ಮನೇಲಿದೆ.’
ಅವಳ ಬಳಿ ಕನ್ನಡಕವೇ ಇರಲಿಲ್ಲ.

ಆ ಪುಸ್ತಕ ನಾನು ಓದಿರಲಿಲ್ಲ. ತೆರೆಯಲೂ ಇಲ್ಲ.
ಹೇಳುತ್ತ ಹೋದೆ:
ನೀರು ಊರಿಗೆ ಸಿಗುತ್ತೆ, ಸಾಹುಕಾರ ತನ್ನದೇ ಬಾವಿಗೆ ಬೀಳ್ತಾನೆ,
ಹುಡುಗಿ ಬೇಲಿ ಹತ್ತಿರ ನಿಂತಿರ್ತಾಳೆ,
ಅವನು ಹೊರಟವನು ಕುದುರೆ ತಿರುಗಿಸಿ,
ತಡವಾಯ್ತು, ಆದರೂ, ಮನೆಗೆ—
ಅಲ್ಲಿ ನನ್ನ ದನಿ ಒಡೆಯಿತು. ಅವಳದಲ್ಲ.

‘ಗೊತ್ತಿತ್ತು,’ ಎಂದಳು.
ಕರವಸ್ತ್ರದ ಗಂಟು ಬಿಚ್ಚಿ ಕಾಸಿಟ್ಟು
ಹಗ್ಗದ ಕಡೆ ಗಲ್ಲ ಎತ್ತಿ ತೋರಿಸಿದಳು.
‘ಇನ್ನೊಂದು ಕೊಡು.
ಗುದ್ದಲಿ ಇಲ್ಲದ್ದು.’