ಹಳದಿ ಕೋಟು

ಹಿಲ್ಕಾಳನ್ನು ನಾವು ಆಟದಲ್ಲಿ ಬರೆದಿರಲಿಲ್ಲ.
ತಾಂಪೆರೆಯ ಬಸ್ ನಿಲ್ದಾಣದಲ್ಲಿ ಹಳದಿ ಕೋಟು ತೊಟ್ಟವನು
ನಮ್ಮ ಯೂಹೊ ಒಬ್ಬನೇ ಇರಬೇಕಿತ್ತು.
“ಇನ್ನೂ ಬಾರದವರು ಯಾರು?” ಎಂದು ಕೇಳಿದರೆ
“ಏಳನೇ ಲಾಕರು” ಎಂದಷ್ಟೇ ಹೇಳಿ
ಬಸ್ಸು ಹತ್ತಿಬಿಡಬೇಕಿತ್ತು.

ಆ ರಾತ್ರಿ ಅವನಿಗೆ ಜ್ವರ.
ನೆಲ ಒರೆಸುವವಳ ಸಮವಸ್ತ್ರವೂ ಹಳದಿಯೇ.

ಕೇಳಿದರು.
ಒರೆಸುವ ಕೋಲಿಗೆ ಗದ್ದ ಊರಿ
ತುಸು ಯೋಚಿಸಿದಳು:
“ನನ್ನ ತಮ್ಮ, ತೌನೊ.
ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ, ಸ್ಕೀ ಕಟ್ಟಿಕೊಂಡು,
ಸರೋವರದ ಮೇಲೆ ಹೋದವನು.”

ನಲವತ್ತು ಟಾರ್ಚುಗಳು ಹೊರಟವು.
ಪರದೆಯ ಮೇಲೆ ನಲವತ್ತು ಚುಕ್ಕಿ
ನಮ್ಮ ನಕ್ಷೆಯ ಅಂಚು ದಾಟಿ
ಬಿಳುಪಿಗೆ ಇಳಿಯುವುದನ್ನು ನೋಡುತ್ತ
ಎಲ್ಲ ಬಲ್ಲ ನಾವು
ಆರಿದ ಕಾಫಿ ಹಿಡಿದು ಕೂತೆವು.
ಇದು ಆಟವಲ್ಲ ಎನ್ನಲು ಬಾಯಿಲ್ಲ:
“ಇದು ಆಟವಲ್ಲ” ಎಂಬುದೇ
ನಮ್ಮ ಆಟದ ಮೊದಲ ಸಾಲು.

ಶುಕ್ರವಾರ ಬಹುಮಾನ ಹಂಚಿ ಮುಗಿಸಿದೆವು.
ಲಾಕರು ಖಾಲಿ ಮಾಡಲು ಹೋದರೆ
ಅವಳ ಬಕೆಟ್ಟಿನ ಸುತ್ತ ಇನ್ನೂ ಹನ್ನೊಂದು ಜನ.
ಬೆಂಚಿನ ಮೇಲೆ
ತುಕ್ಕು ಹಿಡಿದ ಬಕಲು, ಒಂಟಿ ಕೈಗವಸು, ಬಾಟಲಿ ಮುಚ್ಚಳ.
ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು
“ಇದಲ್ಲ,” ಎನ್ನುತ್ತಿದ್ದಳು, “ಇದೂ ಅಲ್ಲ.
ನಾಳೆ ದ್ವೀಪದ ಆಚೆ ಬದಿ ನೋಡಿ.
ಒಬ್ಬೊಬ್ಬರೇ ಹೋಗಬೇಡಿ,
ಅಲ್ಲಿ ಹಿಮ ತೆಳು.”