ಮೀಟರು ಓದುವವನಿಗೊಂದು ಕುರ್ಚಿ

ಹದಿನಾಲ್ಕು ವರ್ಷದಿಂದ ಈ ಓಣಿಗೆ ಬರುತ್ತೇನೆ,
ತಿಂಗಳಿಗೊಮ್ಮೆ, ಕೈಯಲ್ಲಿ ಟಾರ್ಚು,
ಮರದ ಮೆಟ್ಟಿಲ ಕೆಳಗೆ ಸೊಂಟ ಬಗ್ಗಿಸಿ
ಜೇಡರ ಬಲೆ, ಹಳೆ ಸೈಕಲ್ಲು ಸರಿಸಿ
ಅಂಕಿ ಬರೆದುಕೊಂಡು ಹೋಗುತ್ತೇನೆ.

ಮಝಗಾಂವದ ಈ ಮೂವತ್ತೊಂದು ಮನೆ
ನನಗೆ ಗೊತ್ತಿರುವುದು ಯೂನಿಟ್ಟಿನಲ್ಲಿ:
ಏಳನೇ ನಂಬರಿನ ಹಿಲ್ಡಾಬಾಯಿ ಜಿಪುಣಿ,
ಇಪ್ಪತ್ತೆರಡು ದಾಟಿದವಳಲ್ಲ.
ಹನ್ನೊಂದರಲ್ಲಿ ಮಗು ಹುಟ್ಟಿದ್ದು
ರಾತ್ರಿಯಿಡೀ ಉರಿದ ದೀಪದ ಲೆಕ್ಕದಿಂದ ತಿಳಿಯಿತು.
ಹತ್ತೊಂಬತ್ತರಲ್ಲಿ ಯಾರೋ ಹೋದದ್ದೂ ಹಾಗೆಯೇ,
ಮೂರು ತಿಂಗಳು ಚಕ್ರ ಅಲುಗಲಿಲ್ಲ.

ಈ ಸಲ ಮೇ ತಿಂಗಳು, ಅಂಕಿಗಳೂ ಬೆವರುವ ಮೇ,
ಬಾಗಿಲಲ್ಲಿ ನಿಂತು ಹಿಲ್ಡಾ ಅಂದಳು:
ಶನಿವಾರ ಸಂಜೆ ಬಾ. ಶಿಲುಬೆಯ ಹಬ್ಬ.
ಟಾರ್ಚು ತರಬೇಡ.

ಹೋದೆ. ಇಸ್ತ್ರಿ ಹಾಕಿದ ಅಂಗಿ,
ಎಲ್ಲಿಡಬೇಕೋ ತಿಳಿಯದ ಎರಡು ಬರಿಗೈ.
ಓಣಿ ಇರಲಿಲ್ಲ ಅಲ್ಲಿ,
ಸಮುದ್ರದ ತಳ ಇತ್ತು.
ಮುರಿದ ಕೊಡೆಗಳೆಲ್ಲ ಲೋಳೆಮೀನಾಗಿ
ಕಡ್ಡಿ ಕಡ್ಡಿಗೂ ರಿಬ್ಬನ್ನು ಇಳಿಬಿಟ್ಟು,
ಮೊಸರಿನ ಡಬ್ಬಿ ಹವಳವಾಗಿ,
ನುಂಗಿ ಮುಗಿದ ಮಾತ್ರೆಗಳ ಬೆಳ್ಳಿಪಟ್ಟಿ
ಮೀನಿನ ಹುರುಪೆಯಾಗಿ ಮಿನುಗಿ,
ಎಲ್ಲರ ನೆತ್ತಿಯ ಮೇಲೆ ಒಂದು ತಿಮಿಂಗಿಲ:
ಕ್ರಿಯಾದೊ ಮಾಸ್ತರರ ಎದೆಯ
ಇಪ್ಪತ್ತು ವರ್ಷದ ಎಕ್ಸ್‌ರೇ ಹೊಲಿದು ಮಾಡಿದ್ದು.
ಒಳಗೆ ಬಲ್ಬು. ಪಕ್ಕೆಲುಬು ಎಣಿಸಬಹುದು.
ನಾನು ಹೋದಮೇಲೂ ಈಜುತ್ತೇನೆ ನೋಡು,
ಎಂದು ಮಾಸ್ತರರು ಕೆಮ್ಮಿದರು, ನಕ್ಕರು,
ಯಾವುದು ಯಾವುದೆಂದು ತಿಳಿಯಲಿಲ್ಲ.
ಆಚೆ ಓಣಿಯವರದ್ದು, ಯಾರೋ ಪಿಸುಗುಟ್ಟಿದರು,
ಅದೇ ಥರ್ಮೊಕೋಲಿನ ಬಾತುಕೋಳಿ,
ಇದು ಮೂರನೇ ವರ್ಷ.

ನಡುವೆ ಪ್ಲೇಗಿನ ಕಾಲದಲ್ಲಿ ನೆಟ್ಟ ಕಲ್ಲಿನ ಶಿಲುಬೆ
ಚೆಂಡುಹೂವು ಹೊದ್ದು ಸೆಕೆಯಲ್ಲಿ ನಿಂತಿತ್ತು.
ಲ್ಯಾಟಿನ್ನಿನಲ್ಲಿ ಹಾಡಿದರು.
ಪಿಟೀಲಿನವನು ಅರ್ಧ ಹೆಜ್ಜೆ ಹಿಂದೆ.
ಅರ್ಥ ಹಾಡುವವರಿಗೂ ಗೊತ್ತಿಲ್ಲವಂತೆ;
ಕೇಳಿ ನನಗೆ ನಿರಾಳವಾಯಿತು.

ಹುಡುಗನೊಬ್ಬ ಬೋಗುಣಿ ಹಿಡಿದು ಬಂದ,
ಬೇಯಿಸಿದ ಕಡಲೆ, ಮೇಲೆ ಕೊಬ್ಬರಿ ಚೂರು.
ಚನಾ, ಅಂದ. ನಿಮ್ಮ ಹೆಸರೇನು ಅಂಕಲ್?
ಚನ್ನವೀರ.
ಬೋಗುಣಿ ಬೀಳುವಷ್ಟು ನಕ್ಕ.
ಓಣಿಯ ಆ ತುದಿಯತನಕ ಓಡಿ ಸಾರಿದ:
ಮೀಟರ್‌ವಾಲಾನ ಹೆಸರು ಚನಾ!
ನಮ್ಮಲ್ಲಿ ಹಾಗಂದರೆ ಚೆಲುವ, ಒಳ್ಳೆಯವ,
ಎನ್ನುವಷ್ಟರಲ್ಲಿ ಕೇಳುವವರಿರಲಿಲ್ಲ.

ಕಣ್ಣು ಸುಮ್ಮನಿರುತ್ತದೆಯೇ?
ತಿಮಿಂಗಿಲದ ಬಾಲದಿಂದ ಹೊರಟ ಕರಿ ವೈರು
ಹತ್ತೊಂಬತ್ತರ ಗೋಡೆ ತಬ್ಬಿ, ಕೊಡೆಗಳ ಹಿಂದೆ ಅಡಗಿ,
ಯಾರ ಮೀಟರನ್ನೂ ಮಾತಾಡಿಸದೆ
ಬೀದಿಯ ಪೆಟ್ಟಿಗೆಯೊಳಗೆ ನುಸುಳಿತ್ತು.
ನಾನು ನೋಡಿದೆ.
ನಾನು ನೋಡಿದ್ದನ್ನು ಹಿಲ್ಡಾ ನೋಡಿದಳು.
ಕರೆದದ್ದು ಇದಕ್ಕೋ?
ಬಾಯಲ್ಲಿ ಕಡಲೆ ಇತ್ತು,
ಕಡಲೆಯಲ್ಲಿ ಉಪ್ಪಿತ್ತು.

ಆಗಲೇ ಫಕ್ಕನೆ ಕತ್ತಲು.
ಸಮುದ್ರ ಹೋಯಿತು, ಓಣಿ ಬಂತು,
ಮೂವತ್ತೊಂದು ಮನೆಯ ಮುಖಗಳೂ ನನ್ನ ಕಡೆಗೆ.
ನಾನು ಓದುವವನಷ್ಟೇ, ರಿಪೇರಿಯವನಲ್ಲ, ಎಂದೆ.
ಹಾಡು ಮಾತ್ರ ನಿಲ್ಲಲಿಲ್ಲ.
ಬಾಯಿಪಾಠದವರಿಗೆ ದೀಪದ ಹಂಗೇನು.
ಶಿಲುಬೆಯ ಬುಡದ ಮೇಣದಬತ್ತಿಗೆ
ಮಾತ್ರೆಯ ಪಟ್ಟಿಗಳು ಒಂದೊಂದೇ ಹೊಳೆದವು.
ಯಾರೋ ನನ್ನ ಮೊಣಕಾಲ ಹಿಂದಕ್ಕೆ
ಕುರ್ಚಿ ಒತ್ತಿದರು. ಕೂತೆ.
ಹದಿನಾಲ್ಕು ವರ್ಷದಲ್ಲಿ ಈ ಓಣಿಯಲ್ಲಿ
ಕೂತದ್ದು ಅದೇ ಮೊದಲು.

ಆಮೇಲೆ ಬೆಳಕು ಬಂತು.
ಫ್ಯೂಜು ಹಾಕಿದವರು ಯಾರೆಂದು
ನಾನು ಹೇಳುವುದಿಲ್ಲ.

ಜೂನಿನಲ್ಲಿ ಬೂಟು ತೋಯಿಸಿಕೊಂಡು ಬಂದೆ.
ಏಳನೇ ನಂಬರು: ಇಪ್ಪತ್ತೊಂದು.
ಷರಾ ಬರೆಯುವ ಜಾಗ ಖಾಲಿ ಬಿಟ್ಟೆ.
ಮೆಟ್ಟಿಲ ಕೆಳಗೆ ಸಮುದ್ರವನ್ನು ಮಡಚಿಟ್ಟಿದ್ದರು.
ಮಾಸ್ತರರ ಎದೆಗೂಡನ್ನು
ಮೆಲ್ಲಗೆ ಒಂದು ಬದಿಗೆ ಸರಿಸಿ
ಮುಂದಿನ ಅಂಕಿ ಬರೆದುಕೊಂಡೆ.